ನಲವತ್ತೊಂದನೆಯ ನೋಟ್‌ಬುಕ್ಕು

ನಿವೃತ್ತಿಯ ಫಾರಮ್ಮಿನಲ್ಲಿ ಮೂರೇ ಕಾಲಮ್ಮು:
ಪ್ರಬಂಧ ನೂರ ಹನ್ನೆರಡು, ಪೇಟೆಂಟು ನಾಲ್ಕು,
ಡಾಕ್ಟರೇಟು ಪಡೆದ ಶಿಷ್ಯರು ಹತ್ತೊಂಬತ್ತು.
ತುಂಬಿ ಸಹಿ ಹಾಕಿದಳು ಇಲ್ದಾ ಫ್ರೆಯ್ತಾಸ್.
ಮಿಕ್ಕದ್ದನ್ನು ಕಟ್ಟಿ ಸಾಗಿಸುವ ಕೆಲಸ ನನ್ನದು.

ಗಿಮರಾಯಿಶ್ ಊರಿನ ಹಳೇ ನೂಲಿನ ಗಿರಣಿ
ಈಗ ನಮ್ಮ ಲ್ಯಾಬು.
ಅವಳ ಅವ್ವ ಇಲ್ಲೇ ಕಂಡಿಕೆ ಸುತ್ತುತ್ತಿದ್ದಳಂತೆ;
ಮಗಳು ಕೂದಲಿಗಿಂತ ಸಪೂರ ಎಳೆ ತೆಗೆದು
ಮಂಡಿಯ ಮೆಲ್ಲೆಲುಬಿಗೆ ಹಂದರ ಹೆಣೆದಳು.

ನಲವತ್ತೊಂದನೆಯದು ಕೈಯಲ್ಲೇ ತೆರೆದುಕೊಂಡಿತು.
ಏಳನೇ ದಿನ: ಜೀವಕೋಶ ಅಂಟಲಿಲ್ಲ.
ಹನ್ನೊಂದು: ಅಂಟಿದವು, ಸತ್ತವು.
ಹದಿನೈದು: ಉಷ್ಣಾಂಶದಲ್ಲಿ ಏರುಪೇರು.
ಅಷ್ಟೇ ಬರೆದಿದ್ದಾಳೆ.
ಕರೆಂಟು ಹೋಗಿ ಇನ್‌ಕ್ಯುಬೇಟರು ತಣ್ಣಗಾದಾಗ
ಫ್ಲಾಸ್ಕುಗಳನ್ನು ಅಂಗಿಯೊಳಗೆ ಎದೆಗವಚಿಕೊಂಡು
ಡಬ್ಬಿ ಮೀನು ತಿನ್ನುತ್ತ ಬೆಳಗು ಮಾಡಿದೆವು.
ನಾನೂ ಇದ್ದೆ, ಅದಕ್ಕೇ ಗೊತ್ತು.

ಅಂಚಿನಲ್ಲಿ ಪೆನ್ಸಿಲು: ಪಿಮೆಂತಾ ಇವತ್ತು ಕುಂಟಲಿಲ್ಲ.
ಪಿಮೆಂತಾ, ಒಂಬತ್ತನೇ ಕುರಿ.
ಪ್ರಬಂಧದಲ್ಲಿ ಅವಳೊಂದು ಚುಕ್ಕಿ,
ನಕ್ಷೆಯ ಬಲಮೂಲೆಯಲ್ಲಿ, ಉಳಿದವಕ್ಕಿಂತ ತುಸು ಮೇಲೆ.

ಅವತ್ತು ಹುಲ್ಲುಗಾವಲಲ್ಲಿ ಇಲ್ದಾ ಓಡಿದ್ದು,
ಹಿಂದೆ ಕುರಿ ಓಡಿದ್ದು ನೋಡಿದವನು ನಾನೊಬ್ಬ.
ಮುಂದಿನ ತಿಂಗಳು ಕೊಯ್ದು ನೋಡಲೇಬೇಕಿತ್ತು.
ಹಂದರ ಪೂರ್ತಿ ಕರಗಿತ್ತು;
ಹುಡುಕಿದರೂ ಒಂದು ಎಳೆ ಸಿಗಲಿಲ್ಲ.
'ಚೆನ್ನಾಗಿದೆ' ಎಂದಳು.
ಎರಡು ದಿನ ಕ್ಯಾಂಟೀನಿನ ಕಡೆ ಬರಲಿಲ್ಲ.

ರಟ್ಟಿನ ಪೆಟ್ಟಿಗೆಗೆ ಚೀಟಿ ಅಂಟಿಸಬೇಕು.
'ವಿಷಯ' ಎಂದು ಅಚ್ಚಾಗಿದೆ, ಮುಂದೆ ಖಾಲಿ ಗೆರೆ.
ಪೆನ್ನು ಹಿಡಿದು ಬಹಳ ಹೊತ್ತು ನಿಂತೆ.
ಕೊನೆಗೆ ಬರೆದೆ:
೪೧. ಒಣ ಜಾಗದಲ್ಲಿಡಿ.