ಆಮೇಲೆ ನೆನಪಿಸು

ಮುಂಜಾನೆ ಶಟರ್ ಎತ್ತಿ, ಗುಂಡಿ ಒತ್ತಿ,
ಕಸಾ ಹೊಡದು, ಕೊಡಾ ತುಂಬಿ,
ಎದುರಿನ ಚಾದಂಗಡಿಗೆ ಒಂದು ಬೆರಳು ತೋರಿಸಿ
ಬಂದು ಕುಂತರೂ
ಪರದೆ ಮ್ಯಾಲಿನ ಬಳಿ ತಿರುಗತಾನ ಇರತೈತಿ,
ಬಳಿಗಾರ ಇನ್ನೂ ಕೈ ಹುಡುಕಾಕತ್ತಾನೇನೋ ಅನ್ನಂಗ.

ಕಡೀಕ ಬರತೈತಿ ಆ ಚೌಕಟ್ಟು:
ನಿಮ್ಮ ಮೂವತ್ತು ದಿನಗಳು ಮುಗಿದಿವೆ.
ಈಗ ಕೊಳ್ಳುವಿರಾ? ಆಮೇಲೆ ನೆನಪಿಸಲೇ?
ಆಮೇಲೆ, ಅಂತ ಒತ್ತತೀನಿ.
ಒಂಬತ್ತು ವರ್ಷ ಆತು.
ಅದಕ್ಕ ಬ್ಯಾಸರಿಲ್ಲ, ನನಗ ನಾಚಿಕಿಲ್ಲ.
ಇದ ಮಾತು ನನಗ ಹೇಳಿ ಹೋದವರ ಉದ್ರಿ ವಹಿ
ಕೀಬೋರ್ಡಿನ ಬುಡಕ ಐತಿ,
ಸ್ಪೇಸ್ ಒತ್ತಿದಾಗೊಮ್ಮೆ ಅಲುಗತೈತಿ.

ನಿನ್ನೆ ಗೌಸು ಬಂದಿದ್ದ.
ಕಿಸೆದಾಗ ನಾಕು ಪೆನ್‌ಡ್ರೈವು, ಕಿವಿಮ್ಯಾಲೆ ಸ್ಕ್ರೂಡ್ರೈವರು.
"ಅಕ್ಕಾ, ಇದರ ಹೊಟ್ಟಿ ಉಬ್ಬೇತಿ.
ಫಾರ್ಮ್ಯಾಟ್ ಹೊಡೀತೀನಿ, ಎಲ್ಲಾ ಸಾಫ್."
ಮದಲ ಪಟ್ಟಿ ತಗಿ, ಅಂದೆ.
ರೇಷನ್ ಅಂಗಡ್ಯಾಗ ಕಾರ್ಡು ಕರದಂಗ
ಒಂದೊಂದ ಓದಿದ.

ಮೂರು ಆ್ಯಂಟಿವೈರಸ್ಸು,
ಮೂರೂ ಒಂದನ್ನೊಂದು ಕಳ್ಳಾ ಅಂತಿದ್ದವು. ತಗಿ.
ಹವಾಮಾನ ಹೇಳೋದೊಂದು.
ಬೆಟಗೇರಿ ಗಾಳಿ ನೋಡಾಕ ಕಿಡಕಿ ಸಾಲದ? ತಗಿ.
ಮತ್ತ್ಯಾವುದರದೋ ಬೆನ್ನು ಹತ್ತಿ ಬಂದು
ಉಂಡು, ಮಲಗಿ,
ನಮ್ಮ ಬಾಗಲಕ್ಕ ತನ್ನ ಹೆಸರ ಬರಕೊಂಡ ಬೀಗ ಒಂದು.
ತಗಿ ಅಂದ್ರ ಹೋಗವಲ್ದು, ಕೇಳತೈತಿ:
ನಿಜವಾಗಿಯೂ ತೆಗೆಯುವಿರಾ?
ಖಂಡಿತವಾಗಿ?
ಯಾಕೆಂದು ತಿಳಿಸುವಿರಾ?
ಗೌಸು ನಕ್ಕ. ನಾನೂ.

ಇಸ್ಪೀಟು.
"ಇದು?"
ಇರಲಿ. ಕರೆಂಟ ಇದ್ದು ಕೆಲಸ ಇಲ್ಲದ ಮಧ್ಯಾಹ್ನ
ನಿನಗ ಗೊತ್ತಿಲ್ಲ.

ಆಮ್ಯಾಲೆ ಬಂತು ಹಳೇ ಅಕ್ಷರದ ಪ್ರೋಗ್ರಾಮು.
"ಇದರ ಕಂಪನೀನ ಮುಚ್ಚೇತಿ ಅಕ್ಕಾ."
ಗೊತ್ತೈತಿ.
ಹಿಂದಿನ ಕಿಂಡ್ಯಾಗ ಹೆಬ್ಬೆರಳಷ್ಟು ಕೀಲಿ ಕುಂತೈತಿ,
ಅದನ್ನ ಕಿತ್ತರ ಕನ್ನಡ ಅಲ್ಲೇ ನಿಂದರತೈತಿ.
ಅಂಥಾ ಕಿಂಡಿ ಈಗಿನ ಯಾವ ಪೆಟ್ಟಿಗಿಗೂ ಇಲ್ಲ.

ಗೌಸು, ಒಮ್ಮೆ ನಾನೂ ಸಾಫ್ ಮಾಡೇನಿ.
ಫಕೀರಗೌಡ್ರ ಪ್ರೆಸ್ಸಿನ್ಯಾಗ ಮೊಳೆ ಜೋಡಸತಿದ್ದೆ.
ಕಂಪ್ಯೂಟರ್ ಬಂದ ವರ್ಷ
ಸೀಸದ ಅಕ್ಷರಾ ಎಲ್ಲಾ ಚೀಲಕ್ಕ ಸುರುವಿ
ಕಿಲೋ ಲೆಕ್ಕದಾಗ ತೂಗಿ ಕೊಟ್ಟೆವು.
ತಕ್ಕಡಿ ಹಿಡದಾಕಿ ನಾನ.
ಒತ್ತಕ್ಷರದ ಖಾನೆ ಹಗುರಿತ್ತು,
ಅ ಆ ಇ ಈ ಭಾಳ ಭಾರ.
ಮನೀಗೆ ಬಂದು ಉಗುರಿನ್ಯಾಗಿನ ಕರಿ
ಎಂಟು ದಿನ ತಿಕ್ಕಿದೆ.

ಅವಾ ಏನೂ ಅನ್ನಲಿಲ್ಲ.
ಹಳೇ ಫೈಲೊಂದ ತನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡ:
ಅಕ್ಷರಕ್ಕೆಲ್ಲಾ ಟೊಪ್ಪಿಗಿ, ಬಾಲಾ, ಕೊಂಬು ಬಂದು
ಯಾವ ದೇಶದ್ದೋ ಮಾತಾಗಿ ನಿಂತಿತು.
"ತಡಿ ಅಕ್ಕಾ, ಪರಿವರ್ತನಾ ಮಾಡತೀನಿ."
ಮಾಡಿದ. ಕನ್ನಡ ಬಂತು.
ಹಾರ ಹಾಕಿದ ಫೋಟೋದ ಕೆಳಗ,
ಭಾವಪೂರ್ಣ ಅನ್ನೋದು ಭಾವಪೂಣರ್,
ದುರ್ಗಪ್ಪ ಹೋಗಿ ದುಗರ್ಪ್ಪ.
ಅರ್ಕಾವತ್ತು ತನ್ನ ಮನಿ ದಾರಿ ತಪ್ಪಿ
ಕತ್ತಲದಾಗ ಬಾಜೂ ಮನಿ ಕದಾ ಬಡದಿತ್ತು.

ಗೌಸು ಅದನ್ನ ಎರಡ ಸಲ ಓದಿದ, ತುಟಿ ಅಲ್ಲಾಡಿಸಿ.
"ಇವರು ಪಂಪ್‌ಹೌಸಿನ ದುರ್ಗಪ್ಪ ಕಾಕಾ ಅಲ್ಲಾ?"
ಹೌದು.
ಲ್ಯಾಪ್‌ಟಾಪ್ ಮುಚ್ಚಿದ.

ಫಾರ್ಮ್ಯಾಟ್ ಮಾತು ಮತ್ತ ತಗೀಲಿಲ್ಲ.
ಇಂಟರ್ನೆಟ್ಟಿನ ವಾಯರು ಬಿಚ್ಚಿ, ಸುತ್ತಿ,
ಕ್ಯಾಲೆಂಡರಿನ ಮಳಿಗೆ ತೂಗಹಾಕಿದ.
"ಇದಕ್ಕ ಇನ್ನ ಹೊರಗಿನ ಗಾಳಿ ಬ್ಯಾಡ."
ಧೂಳ ಊದಿದ, ನನ್ನ ಸೆರಗಿಗೂ ಬಿತ್ತು.
ಎಷ್ಟಪಾ ನಿನ್ನ ರೊಕ್ಕಾ, ಅಂದ್ರ
ಬೈಕಿಗೆ ಕಿಕ್ ಹೊಡಕೋತ
"ಆಮೇಲೆ ನೆನಪಿಸತೀನಿ!"

ಇವತ್ತು ಹನ್ನೊಂದು ನಿಮಿಷಕ್ಕ ಏಳೋದು
ಏಳಕ್ಕ ಎದ್ದೇತಿ.
ಚಾ ಇನ್ನೂ ಬಂದಿಲ್ಲ.
ಉಳದ ನಾಕು ನಿಮಿಷ ಏನ ಮಾಡಬೇಕ ತಿಳೀದ
ಇಸ್ಪೀಟು ತಗದೇನಿ.
ಕಳಾವರ ರಾಣಿ
ಎಲ್ಲಿ ಕುಂತಾಳೋ, ಸಿಗವಲ್ಲಳು.