ಖಾಲಿ ತೂಕ

ದೊಣೆಗುಡ್ಡವನ್ನು ತೂಗಿದವಳು ನಾನು.
ಹನ್ನೊಂದು ವರ್ಷ, ಲಾರಿ ಲಾರಿಯಾಗಿ,
ನಾಗಮಂಗಲ ರಸ್ತೆಯ ವೇಬ್ರಿಜ್ಜಿನ
ತಗಡಿನ ಗೂಡಿನಲ್ಲಿ ಕುಳಿತು.
ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದರೆ
ಉಳಿದದ್ದು ಬೆಟ್ಟ.
ಚೀಟಿ ಹರಿದು ಕೊಟ್ಟರೆ ಅದೂ ಮುಗಿಯಿತು.

ಮಧ್ಯಾಹ್ನ ಒಂದೂವರೆಗೆ ಶಿಳ್ಳೆ,
ಆಮೇಲೆ ಮದ್ದು.
ಬುತ್ತಿಯ ಮುಚ್ಚಳ ತಾನೇ ಕುಣಿಯುತ್ತಿತ್ತು.
ಮುದ್ದೆ ಮುರಿದರೆ ಒಳಗೂ ದೂಳು,
ಹಲ್ಲಿಗೆ ಸಿಕ್ಕಿದ್ದು ರಾಗಿಯೋ ಗುಡ್ಡವೋ
ಕೇಳಲಿಲ್ಲ, ನುಂಗಿದೆ.
ಸಂಬಳವೂ ಅದರದೇ ಅಲ್ಲವೆ?

ತಿಮ್ಮಬೋವಿ ಮಾತ್ರ ಬಂದಾಗಲೆಲ್ಲ ಗೊಣಗುವನು.
ಅವನಪ್ಪ ಒರಳು, ಗುಂಡುಕಲ್ಲು, ಹೊಸ್ತಿಲು ಕಡಿದವನು.
"ಕಲ್ಲಿಗೂ ಎಳೆ ಇರ್ತದೆ ಕಣವ್ವ,
ಎಳೆ ನೋಡ್ಕಂಡು ಉಳಿ ಮಡುಗಿದ್ರೆ
ತಾನೇ ಬಿಟ್ಕೊಡ್ತದೆ, ಎಷ್ಟು ಬೇಕೋ ಅಷ್ಟು.
ಈ ಮದ್ದಿಗೇನು ಗೊತ್ತು ಎಳೆ?"
ಅಂದು, ಬೀಡಿ ಹಚ್ಚಿ,
ಅದೇ ಲಾರಿ ಹತ್ತಿ ಹೋಗುವನು.

ಕಲ್ಲಿನ ಜೊತೆ ಬೇರೇನೇನೋ ಬಂದು
ನನ್ನ ತಕ್ಕಡಿಯ ಮೇಲೆ ನಿಲ್ಲುತ್ತಿತ್ತು.
ಒಮ್ಮೆ ನಕ್ಷತ್ರದಾಮೆ,
ಚಿಪ್ಪಿನ ಒಂದು ನಕ್ಷತ್ರ ಒಡೆದದ್ದು.
ಒಮ್ಮೆ ಬಂಡೆಗೆ ಅಂಟಿದ ಅರ್ಧ ಹೆಜ್ಜೇನ ಹುಟ್ಟಿ,
ಕ್ಲೀನರ್ ಹುಡುಗ ಬೆರಳಲ್ಲಿ ಬಳಿದು ನೆಕ್ಕಿ
"ಮದ್ದಿನ ವಾಸ್ನೆ ಅಕ್ಕ" ಅಂದ.
ಕಾರೆಗಿಡದ ಬೇರು. ಗೂಬೆಯ ರೆಕ್ಕೆ.
ಉಡದ ಮರಿ, ಕಣ್ಣು ತೆರೆದೇ.
ದಪ್ಪ ಕಲ್ಲಿನ ತಗ್ಗಿನಲ್ಲಿ ಬೊಗಸೆ ನೀರು,
ಅದರಲ್ಲಿನ್ನೂ ಈಜುತ್ತಿದ್ದ ಎರಡು ಗೊದಮೊಟ್ಟೆ:
ದೊಣೆಯ ಚೂರದು.
ಅದನ್ನೂ ತೂಗಿದೆ. ಕಲ್ಲೆಂದೇ ಬರೆದೆ.
ಆದರೆ ಆ ಸಂಜೆಯಿಂದ
ಹಾಳಾದ ಚೀಟಿಗಳ ಬೆನ್ನಿಗೆ
ತಾರೀಖು ಹಾಕಿ, ಲಾರಿ ನಂಬರು ಹಾಕಿ,
ಬೇರೆ ಲೆಕ್ಕ ಶುರುಮಾಡಿದೆ.

ಇನ್ನಿಪ್ಪತ್ತು ವರ್ಷಕ್ಕೆ ಗಣಿ ಬೇಕೆಂದು ಅರ್ಜಿ.
ಶಾಲೆಯ ಅಂಗಳದಲ್ಲಿ ಶಾಮಿಯಾನ, ಅಹವಾಲು ಸಭೆ,
ಎಲ್ಲರಿಗೂ ಬಾದಾಮಿ ಹಾಲು.
ವರದಿ ಓದಿದರು: "ಬರಡು ಬಂಡೆ. ಗಮನಾರ್ಹ ಜೀವಿಗಳಿಲ್ಲ."
ಬಾವಿಯ ಸೆಲೆ ದಿಕ್ಕು ತಪ್ಪಿದ್ದನ್ನು ದೇವೀರಮ್ಮ ಹೇಳಿದಳು,
ಗೋಡೆ ಬಿರುಕಿನ ಫೋಟೋ ತಂದವರಿದ್ದರು.
ನಾನು ಎದ್ದಾಗ ಮ್ಯಾನೇಜರ್ ನಕ್ಕ,
ನಮ್ಮ ಜಯಶೀಲ ತಾನೆ, ಎಂದು.

ರಬ್ಬರ್ ಬ್ಯಾಂಡು ಬಿಚ್ಚಿದೆ.
ನಾನೂರ ಹದಿಮೂರು ಚೀಟಿ.
ಓದುತ್ತ ಹೋದೆ. ಮೈಕು ಎರಡು ಸಲ ಸತ್ತಿತು.
ಸಾಹೇಬರು ಗಡಿಯಾರ ನೋಡಿ
"ಇವೆಲ್ಲ ಸೇರಿ ಎಷ್ಟು ತೂಕವಮ್ಮ?" ಎಂದರು.
ಗೊತ್ತಿಲ್ಲ ಸಾರ್, ಅಂದೆ.
ಹತ್ತು ಕೆಜಿಗಿಂತ ಕೆಳಗೆ
ನಮ್ಮ ತಕ್ಕಡಿಗೆ ಕಣ್ಣು ಕಾಣುವುದಿಲ್ಲ.

ತೀರ್ಮಾನ ಬಂದಿಲ್ಲ. ಮದ್ದು ಸದ್ಯಕ್ಕೆ ನಿಂತಿದೆ.
ಕೆಲಸ ಹೋದೀತು; ಬೀಗದ ಕೈ ಇನ್ನೂ ನನ್ನಲ್ಲೇ.
ನಿನ್ನೆ ಬೆಳಿಗ್ಗೆ ಗೂಡು ಗುಡಿಸುತ್ತಿದ್ದೆ.
ಉಳಿದ ಅರ್ಧ ಗುಡ್ಡದಿಂದ ಹೆಣ್ಣು ನವಿಲೊಂದು ಇಳಿದು,
ಹಿಂದೆ ಮೂರು ಮರಿ,
ತಕ್ಕಡಿಯ ಹಲಗೆ ಹತ್ತಿ
ನಡುವೆ ನಿಂತು, ಸಂದಿಯಲ್ಲಿ ಏನನ್ನೋ ಕುಕ್ಕಿ,
ಆಚೆಗಿಳಿದು ಹೋಯಿತು.
ಕೆಂಪು ಅಂಕಿ ಅಲುಗಲಿಲ್ಲ. ಸೊನ್ನೆ.

ಹೊಸ ಚೀಟಿಯನ್ನೇ ಹರಿದೆ.
ಮುಂಬದಿಯಲ್ಲೇ ಬರೆದೆ.