ಬೂದು ಕಾರಿನವನಿಗೆ

ನಿನ್ನ ಹೆಸರು ನನಗೆ ಗೊತ್ತಿಲ್ಲ.
ಕಾಗದಗಳಲ್ಲಿ ನೀನು ಬರೀ ತನಿಖೆಗಾರ.
ಫೆಬ್ರವರಿಯಲ್ಲಿ ಮೂರು ದಿನ
ನಮ್ಮ ಬೀದಿಯ ತಿರುವಿನಲ್ಲಿ ಎಂಜಿನ್ ಆರಿಸದೆ ಕೂತಿದ್ದೆ.
ಡುಲೂತ್‌ನಲ್ಲಿ ಸರೋವರದ ಗಾಳಿ ಗುಡ್ಡ ಹತ್ತಿ ಬರುವಷ್ಟರಲ್ಲಿ
ಮಸೆದ ಕೊಡಲಿಯಾಗಿರುತ್ತದೆ.
ಅಡುಗೆಮನೆ ಕಿಟಕಿಯಿಂದ ನೋಡಿದ್ದೆ ನಿನ್ನ.
ಯಾರನ್ನೋ ಕಾಯುತ್ತಿದ್ದಾನೆ ಪಾಪ,
ಒಂದು ಲೋಟ ಕಾಫಿ ಕೊಟ್ಟು ಬರಲೇ ಅಂದುಕೊಂಡಿದ್ದೆ.

ಇವತ್ತು ನಾಲ್ಕನೇ ಮಹಡಿಯ ಕೋಣೆಯಲ್ಲಿ ಪರದೆ ಇಳಿದಿದೆ.
ವಿಮೆಯವರ ವಕೀಲೆ, ಕೊಕ್ಕೆ ತಯಾರಿಸಿದ ಕಂಪನಿಯ ಇಬ್ಬರು,
ನಮ್ಮ ಕಡೆಯ ಹಾಲ್ವರ್ಸನ್, ನಾನು.
ಮೇಜಿನ ಮೇಲೆ ಚೀಟಿ ಅಂಟಿಸಿದ ಹೆಲ್ಮೆಟ್ಟು,
ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು.
ಅಷ್ಟೇ? ಎನ್ನುವಂತೆ ಎಲ್ಲರೂ ಒಮ್ಮೆ ನೋಡಿದರು.
ಡಾರೆಲ್ ಹೊರಗಿದ್ದಾನೆ. ಟ್ಯೂಬ್‌ಲೈಟಿನ ಗುಂಯ್ಗುಡುವಿಕೆಗೆ
ಹತ್ತು ನಿಮಿಷಕ್ಕೇ ಅವನ ದವಡೆ ಬಿಗಿಯುತ್ತದೆ.

ಆಮೇಲೆ ನಿನ್ನ ಚಿತ್ರ.
ಡಾರೆಲ್ ಉಪ್ಪಿನ ಮೂಟೆ ಹೆಗಲಿಗೇರಿಸಿ ಗ್ಯಾರೇಜಿನಿಂದ ಬರುತ್ತಾನೆ.
ಹಿಮಗಟ್ಟಿದ ಮೆಟ್ಟಿಲಿಗೆ ಎರಚುತ್ತಾನೆ, ಬಿತ್ತುವವನ ಹಾಗೆ, ಕೈಬೀಸಿ.
ಪಕ್ಕದ ಮನೆ ಲಾವರ್ನ್‌ಳ ನಾಯಿ ಓಡಿಬಂದು ಮೊಣಕಾಲಿಗೆ ಹಾರುತ್ತದೆ.
ಅವನು ಬಗ್ಗಿ, ಅದರ ಕಿವಿ ಹಿಡಿದು, ಏನೋ ಹೇಳುತ್ತಾನೆ,
ತಲೆ ಹಿಂದಕ್ಕೆ ಚೆಲ್ಲಿ ನಗುತ್ತಾನೆ.
ಹನ್ನೊಂದು ಸೆಕೆಂಡು. ಮೂಲೆಯಲ್ಲಿ ಅಂಕಿ ಓಡುತ್ತಿತ್ತು.
"ಇವರೇ ಏನು ಶ್ರೀಮತಿ ಕಂಗಾಸ್,
ಇನ್ನು ಜನ್ಮದಲ್ಲಿ ಕೆಲಸ ಮಾಡಲಾರದವರು?"

ನೀನು ತೋರಿಸದೆ ಬಿಟ್ಟದ್ದನ್ನು ಹೇಳಿದೆ.
ಅದು ಆ ಬೆಳಗಿನ ಮೂರನೇ ಮೂಟೆ.
ಎರಚಿದ್ದು ಮರೆತು ಎರಚಿ, ಮರೆತು ಎರಚಿ
ಮೆಟ್ಟಿಲ ಮೇಲೆ ಪಾದ ಮುಳುಗುವಷ್ಟು ಉಪ್ಪು.
ಸಂಜೆ ಬ್ರಿಟಾ ಚಮಚ ಬೀಳಿಸಿದ್ದಕ್ಕೆ
ಮೇಜನ್ನೇ ಮಗುಚಿ, ಆಮೇಲೆ ಅದರ ಕಾಲು ಹಿಡಿದು ಅತ್ತ.
ನೋಟ್‌ಬುಕ್ಕಿನಲ್ಲಿದೆ, ತಾರೀಖು ಸಮೇತ.

ಹೌದು, ನನ್ನದೂ ಒಂದು ನೋಟ್‌ಬುಕ್ಕು.
ಎಲ್ಲ ಬರೆದಿಡಿ, ಅಂದಿದ್ದ ಹಾಲ್ವರ್ಸನ್ ಮೊದಲ ದಿನವೇ,
ಬರೆಯದ ನೋವು ಲೆಕ್ಕಕ್ಕಿಲ್ಲ.
ಹಾಲಿನ ಡಬ್ಬ ಓವನ್ನಿನೊಳಗೆ ಇಟ್ಟದ್ದು,
ಸತ್ತ ಅಕ್ಕನ ಹೆಸರಿನಿಂದ ನನ್ನ ಕರೆದದ್ದು,
ಡಾಕ್ಟರು ಕೊಟ್ಟ ಐದು ಪದಗಳಲ್ಲಿ
ಎರಡನ್ನು ಮಾತ್ರ ವಾಪಸು ತಂದದ್ದು: ದೋಣಿ, ಗುಂಡಿ.
ಹದಿನಾಲ್ಕು ತಿಂಗಳು ಬಾಗಿಲ ಸಂದಿಯಲ್ಲಿ ನಿಂತು ಬರೆದೆ.
ನೀನು ಅವನು ಚೆನ್ನಾಗಿರುವ ಗಳಿಗೆಗೆ ಹೊಂಚಿದೆ,
ನಾನು ಕೆಡುವ ಗಳಿಗೆಗೆ.
ಒಳ್ಳೆಯ ದಿನ ಬಂದರೆ, ನಿನಗಾದರೂ ಹೇಳುತ್ತೇನೆ,
ಪೆನ್ನು ಹಿಡಿದು ಸುಮ್ಮನೆ ಕೂತಿರುತ್ತಿದ್ದೆ, ತುಸು ದಿಗಿಲಿನಲ್ಲಿ.

ಲೆಕ್ಕಿಗ ಒಂದು ಪಟ್ಟಿ ಮಾಡಿದ್ದಾನೆ.
ಹಿಮ ತೆಗೆಯುವುದಕ್ಕೆ ಗಂಟೆಗೆ ಇಷ್ಟು, ಹುಲ್ಲು ಕತ್ತರಿಸಲು ಇಷ್ಟು,
ಬಂದರಿನ ಧಾನ್ಯದ ಕಣಜದಲ್ಲಿ
ಇನ್ನೂ ದುಡಿಯಬಹುದಾಗಿದ್ದ ಹದಿನೇಳು ವರ್ಷದ ಸಂಬಳ ಇಷ್ಟು.
ಕಡೆಯ ಸಾಲಿನಲ್ಲಿ: ದಾಂಪತ್ಯ.
ಅಲ್ಲೂ ಒಂದು ಅಂಕಿ, ಅಲ್ಪವಿರಾಮ, ಮೂರು ಸೊನ್ನೆ.
ಪರಿಹಾರ ಎನ್ನುತ್ತಾರೆ ಇದನ್ನು,
ಯಾವುದೂ ಪರಿಹಾರವಾಗದೆ ಹೋದಾಗ.
ಮೂರರಲ್ಲೊಂದು ಪಾಲು ಹಾಲ್ವರ್ಸನ್‌ಗೆ.
ತಪ್ಪಲ್ಲ, ಅವನೂ ದುಡಿದಿದ್ದಾನೆ.

ನಾಲ್ಕು ಗಂಟೆಗೆ ಅವರ ಮೊತ್ತ ಬಂತು, ಮಡಿಸಿದ ಚೀಟಿಯಲ್ಲಿ.
ಇನ್ನೇನಾದರೂ ಹೇಳುವುದಿದೆಯೇ, ಎಂದರು.
ಆ ಹನ್ನೊಂದು ಸೆಕೆಂಡಿನ ಪ್ರತಿ ನನಗೆ ಸಿಗುತ್ತದೆಯೇ, ಅಂದೆ.
ಹಾಲ್ವರ್ಸನ್ ನನ್ನ ಮೊಣಕೈ ಒತ್ತಿದ.
ವಕೀಲೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.
ಚಿತ್ರದಲ್ಲಿ ದನಿಯಿಲ್ಲ.
ಕೊಕ್ಕೆ ಬಿದ್ದ ದಿನದಿಂದ ಅವನು ನನ್ನೆದುರು ಹಾಗೆ ನಕ್ಕಿಲ್ಲ.
ಚಳಿ ಹೌದು, ಆದರೂ ಉಸಿರಿಗೆ ಗಾಜು ಮಸುಕಾದಾಗ
ಒಂದಿಷ್ಟು ಇಳಿಸಿರುತ್ತೀಯಲ್ಲ.
ನಾಯಿಗೆ ಅವನು ಏನೆಂದ?
ಕೇಳಿತೇ ನಿನಗೆ?